ಗಣೇಶ ಹಬ್ಬದ ಸ್ಟೇಜಿಗೆ ಬೇಸ್ ಗಿಟಾರ್ ಒಯ್ಯುವವರಿಗೆ

ಹೊಸದಾಗಿ ಆರ್ಕೆಸ್ಟ್ರಾ ಸೇರಿದವರು ಮೊದಲ ದುಡ್ಡನ್ನು ದೊಡ್ಡ ಆಂಪ್‌ಗೆ ಹಾಕಬೇಡಿ. ಬಯಲು ಕಾರ್ಯಕ್ರಮದಲ್ಲಿ ಜನರಿಗೆ ನಿಮ್ಮ ಬೇಸ್ ಕೇಳಿಸುವುದು ಸೌಂಡ್‌ನವರ ಸ್ಪೀಕರಿನಿಂದಲೇ ಅಲ್ವಾ? ಅದಕ್ಕೇ ಮೊದಲು ಒಂದು ಒಳ್ಳೆಯ ಡಿಐ ಬಾಕ್ಸ್, ಅಂದರೆ ಗಿಟಾರಿನ ಸಿಗ್ನಲ್ಲನ್ನು ನೇರ ಮಿಕ್ಸರಿಗೆ ಕಳಿಸುವ ಪುಟ್ಟ ಪೆಟ್ಟಿಗೆ, ತಗೊಳ್ಳಿ. ಅದರಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್, ಅಂದರೆ ಸಿಗ್ನಲ್ ಕೇಬಲ್ಲಿನ ಗ್ರೌಂಡ್ ಸಂಪರ್ಕ ಬಿಡಿಸುವ ಸ್ವಿಚ್, ಇರಲೇಬೇಕು. ಒಮ್ಮೆ ನನ್ನ ಆಂಪ್ ಒಂದು ಕರೆಂಟ್ ಲೈನಿನಲ್ಲಿ, ಮಿಕ್ಸರ್ ಇನ್ನೊಂದು ಲೈನಿನಲ್ಲಿ ಇತ್ತು. ಮೂರು ಹಾಡು ಮುಗಿದರೂ ಗುಂಯ್ ಸದ್ದು ನಿಲ್ಲಲಿಲ್ಲ. ಆ ಪುಟ್ಟ ಸ್ವಿಚ್ ಒತ್ತಿದೆ, ತಕ್ಷಣ ಎಲ್ಲ ಶಾಂತ. ಗುಂಯ್ ನಿಲ್ಲಿಸೋಕೆ ಅಂತ ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಯಾವತ್ತೂ ತೆಗೆಯಬೇಡಿ. ಮಳೆಗಾಲದ ಒದ್ದೆ ಸ್ಟೇಜಿನಲ್ಲಿ ಅದು ಪ್ರಾಣಕ್ಕೇ ಕುತ್ತು.

ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವಂಥದ್ದು) ಇರುವವರೇ, ಜಾಕ್‌ನಲ್ಲಿ ಕೇಬಲ್ ಇರುವಷ್ಟು ಹೊತ್ತೂ ಒಳಗಿನ 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಿರುತ್ತದೆ. ವಾಲ್ಯೂಮ್ ಸೊನ್ನೆ ಮಾಡಿದರೂ ಅಷ್ಟೇ. ಸೌಂಡ್ ಚೆಕ್ ಆದ ಮೇಲೆ ಚಾನೆಲ್ ಮ್ಯೂಟ್ ಮಾಡಿಸಿ, ಕೇಬಲ್ ಕಿತ್ತಿಡಿ. ಬ್ಯಾಗಿನಲ್ಲಿ ಇನ್ನೊಂದು ಬ್ಯಾಟರಿ, ಇನ್ನೊಂದು ಕೇಬಲ್ ಇರಲಿ.

ಐದು ತಂತಿಯದು ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ನಾಲ್ಕು ತಂತಿಯ ಕೆಳಗಿನ ಇ ಸುಮಾರು 41 ಹರ್ಟ್ಸ್, ಐದನೆಯ ಬಿ ಸುಮಾರು 31. ಸಣ್ಣ ಸ್ಪೀಕರಿನಲ್ಲಿ ಆ ಬಿ ಬರೀ ಮಸುಕಾಗಿ ಕೇಳುತ್ತದೆ. ಶುರುವಿಗೆ ನಾಲ್ಕೇ ಸಾಕು.

ತಂತಿ ಬದಲಿಸಿದಾಗ 12ನೇ ಫ್ರೆಟ್ ಮೇಲೆ ಹಾರ್ಮೋನಿಕ್ ನುಡಿಸಿ (ತಂತಿಯನ್ನು ಒತ್ತದೆ ಬೆರಳು ಸುಮ್ಮನೆ ತಾಗಿಸಿ ಮೀಟುವುದು), ಆಮೇಲೆ ಅದೇ ಫ್ರೆಟ್ ಒತ್ತಿ ಟ್ಯೂನರ್ ನೋಡಿ; ಎರಡೂ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನ ಸ್ಯಾಡಲ್ (ತಂತಿ ಕೂರುವ ಪುಟ್ಟ ತುಂಡು) ನೆಕ್‌ನಿಂದ ಸ್ವಲ್ಪ ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ ಮುಂದಕ್ಕೆ. ಪ್ರತಿ ಸಲ ಮತ್ತೆ ಟ್ಯೂನ್ ಮಾಡಿಯೇ ನೋಡಿ.