ಮರಗೆಲಸದ ರೌಟರ್‌ನ ವೇಗದ ಡಯಲ್ ಕೈಕೊಟ್ಟರೆ

ಕಾರವಾರದ ಉಪ್ಪುಗಾಳಿಗೆ ಮರದ ಹುಡಿಯೂ ಸೇರಿದರೆ ರೌಟರ್ ವೇಗ ಹತೋಟಿಯಲ್ಲಿಡುವ ಸ್ಪೀಡ್ ಬೋರ್ಡ್ ಬೇಗ ಕೆಡುತ್ತದೆ. ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟೇ ಮುಚ್ಚಳ ಬಿಚ್ಚಿ, ಹುಡಿ ತೆಗೆಯಿರಿ. ಮೊದಲು ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ನೋಡಿ: ವೇಗ ತಡವರಿಸಲು ಎಷ್ಟೋ ಸಲ ಅದೇ ಕಾರಣ, ಬೈಗುಳ ಮಾತ್ರ ಬೋರ್ಡಿಗೆ! ಸವೆದಿದ್ದರೆ ಎರಡೂ ಬ್ರಷ್ ಒಟ್ಟಿಗೇ ಬದಲಿಸಿ.

ಡಯಲ್ ಎಲ್ಲಿಟ್ಟರೂ ಪೂರ್ತಿ ವೇಗದಲ್ಲೇ ಓಡಿದರೆ ಬೋರ್ಡಿನಲ್ಲಿ ಮೋಟಾರಿನ ಕರೆಂಟ್ ಹತೋಟಿ ಮಾಡುವ ಬಿಡಿಭಾಗ, ಟ್ರಯಾಕ್, ಶಾರ್ಟ್ ಆಗಿರಬಹುದು. ಮೋಟಾರ್ ತಂತಿ ಬಿಚ್ಚಿ, ಟ್ರಯಾಕ್‌ನ ಎರಡು ಮುಖ್ಯ ಕಾಲುಗಳ ನಡುವೆ ಮಲ್ಟಿಮೀಟರನ್ನು ಓಮ್‌ಗಿಟ್ಟು ಹಿಡಿಯಿರಿ. ಸೊನ್ನೆ ಓಮ್ ಹತ್ತಿರ ತೋರಿದರೆ ಅದು ಹೋಯಿತು. ಟ್ರಯಾಕ್ ಸರಿಯಿದ್ದರೆ ಶಾಫ್ಟ್ ತುದಿಯ ಆಯಸ್ಕಾಂತದ ಉಂಗುರ ಸಡಿಲವಾಗಿದೆಯೇ, ಅದರಿಂದ ವೇಗ ಅಳೆಯುವ ಪಕ್ಕದ ಸೆನ್ಸರ್ ಕಾಯಿಲ್ ತಂತಿ ತುಂಡಾಗಿದೆಯೇ ನೋಡಿ. ಬೋರ್ಡ್ ಗಟ್ಟಿಯಾದ ಎಪಾಕ್ಸಿ ಅಂಟಿನಲ್ಲಿ ಮುಳುಗಿದ್ದರೆ ಬೆಸುಗೆಯ ಗೋಜು ಬೇಡ, ಅದೇ ಮಾದರಿಯ ಇಡೀ ಮಾಡ್ಯೂಲ್ ತರಿಸಿ. ಜೋಡಿಸಿದ ಮೇಲೆ ಬಿಟ್ ಹಾಕದೆ, ಕಡಿಮೆ ವೇಗದಲ್ಲಿ ಓಡಿಸಿ ನೋಡಿ.