ನೀಲಿ ಹೊಗೆ ಯಾವಾಗ ಬರುತ್ತದೆ ಎಂದು ಮೊದಲು ನೋಡಿ

ನಮ್ಮ ಕಲಬುರಗಿಯಲ್ಲಿ ಹಳೆಯ ಕಾರಿನ ಸೈಲೆನ್ಸರಿನಿಂದ ನೀಲಿ ಹೊಗೆ ಕಾಣಿಸಿತೆಂದರೆ ಸಾಕು, ನೋಡಿದವರೆಲ್ಲ ಹೇಳುವುದು ಒಂದೇ ಮಾತು: ‘ರಿಂಗ್ ಹೋಗಿವೆ, ಬೋರ್ ಕೆಲಸ ಮಾಡಿಸಿಬಿಡಿ.’ ರಿಂಗ್ ಎಂದರೆ ಪಿಸ್ಟನ್ ಸುತ್ತ ಕೂತು ಸಿಲಿಂಡರಿನ ಗೋಡೆಗೆ ಒತ್ತಿಕೊಳ್ಳುವ ಬಳೆ, ಬೋರ್ ಎಂದರೆ ಆ ಸಿಲಿಂಡರಿನ ಒಳಗೋಡೆ. ನನ್ನ 2009ರ ಮಾರುತಿ 800 ಕಾರಿನ ಬಗ್ಗೆಯೂ ವಿಚಾರಿಸಿದ ಕಡೆಯೆಲ್ಲ ಇದೇ ತೀರ್ಪು ಬಂತು. ಒಬ್ಬರೂ ಬಾನೆಟ್ ಎತ್ತಲಿಲ್ಲ. ಇಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸುವ ಖರ್ಚು ಆ ಕಾರಿನ ಮಾರಾಟದ ಬೆಲೆಯ ಹತ್ತಿರ ಹೋಗುತ್ತದೆ. ಹೀಗಾಗಿಯೇ ಚೆನ್ನಾಗಿರುವ ಎಷ್ಟೋ ಇಂಜಿನ್‌ಗಳು ಗುಜರಿ ಸೇರುತ್ತವೆ. ಅದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಬಿಚ್ಚುವ ಮೊದಲು ಅಳೆಯಬೇಕು ಎಂದು ಹಟ ಹಿಡಿದು, ಕೆಲಸವನ್ನು ಮನೆಯಂಗಳದಲ್ಲಿ ನಾನೇ ಶುರು ಮಾಡಿದೆ.

ಕಾರಿನ ತೊಂದರೆ ಎರಡು ಬಗೆಯದಾಗಿತ್ತು. ಮೊದಲನೆಯದು ಹೊಗೆ: ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿಗೂ ಮಿಕ್ಕಿ ಆಯಿಲ್ ಖಾಲಿಯಾಗುತ್ತಿತ್ತು. ಎರಡನೆಯದು ಪಿಕಪ್: ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರ ದಾಟಿದ ಮೇಲಿನ ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ಗಾಡಿಗೆ ಎರಡನೇ ಗೇರು ಬೇಕಾಗುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸದ್ದು ಏರುತ್ತಿತ್ತು, ವೇಗ ಏರುತ್ತಿರಲಿಲ್ಲ. ಎರಡಕ್ಕೂ ಕಾರಣ ಒಂದೇ ಎಂದು ಜನ ಸುಲಭವಾಗಿ ನಂಬುತ್ತಾರೆ. ನಾನು ಎರಡನ್ನೂ ಬೇರೆ ಬೇರೆ ಪ್ರಶ್ನೆಗಳಾಗಿಯೇ ಇಟ್ಟುಕೊಂಡೆ.

ಹೊಗೆಯ ಬಣ್ಣದ ಮಾತನ್ನು ಬೇಗ ಮುಗಿಸುತ್ತೇನೆ. ಪೆಟ್ರೋಲ್ ಗಾಡಿಯಲ್ಲಿ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ ಎಂದರ್ಥ. ಸೇಡಂ, ವಾಡಿ ಕಡೆಯ ಸಿಮೆಂಟ್ ಲಾರಿಗಳ ದೂಳಿನಲ್ಲಿ ಓಡಾಡುವವರು ಮೊದಲು ಏರ್ ಫಿಲ್ಟರನ್ನೇ ನೋಡಬೇಕು. ಚಳಿಗಾಲದ ಬೆಳಿಗ್ಗೆ ಬಂದು ಎರಡು ನಿಮಿಷದಲ್ಲಿ ಮಾಯವಾಗುವ ಬಿಳಿ ಹೊಗೆ ಬರೀ ನೀರಾವಿ. ಇಂಜಿನ್ ಕಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ ಮಾತ್ರ ಅಪಾಯದ್ದು. ಕೂಲಂಟ್ ಒಳಗೆ ಸೋರಿ ಉರಿಯುತ್ತಿದೆ, ಇಂಜಿನ್ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಸೋರದಂತೆ ಹಾಕಿರುವ ಹೆಡ್ ಗ್ಯಾಸ್ಕೆಟ್ ನೋಡಬೇಕು. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಆಯಿಲ್ ಯಾವ ದಾರಿಯಿಂದ ಒಳಗೆ ಹೋಗುತ್ತಿದೆ ಎಂಬುದನ್ನು ಬಣ್ಣ ಹೇಳುವುದಿಲ್ಲ, ಹೊಗೆ ಬರುವ ಹೊತ್ತು ಹೇಳುತ್ತದೆ.

ಅದನ್ನು ನೋಡಲು ತಮ್ಮನನ್ನು ಬೈಕಿನಲ್ಲಿ ಹಿಂದೆ ಬರಲು ಹೇಳಿದೆ. ಅವನ ಹಿಂದೆ ಕುಳಿತ ಮಗ ಮೊಬೈಲಿನಲ್ಲಿ ಸೈಲೆನ್ಸರನ್ನೇ ಚಿತ್ರೀಕರಿಸಿದ. ಏರಿನಲ್ಲಿ ಪೂರ್ತಿ ಒತ್ತಿ ಹೋದಾಗ ಹೊಗೆ ತೀರಾ ಕಡಿಮೆ. ಇಳಿಜಾರಿನಲ್ಲಿ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಮತ್ತೆ ಒತ್ತಿದ ಕ್ಷಣ ನೀಲಿ ಮೋಡವೇ ಎದ್ದಿತು. ರಾತ್ರಿಯಿಡೀ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ ಹಾಗೆಯೇ ಒಂದು ಬುಗ್ಗೆ ಎದ್ದು ನಿಲ್ಲುತ್ತಿತ್ತು.

ಇದು ರಿಂಗಿನ ಲಕ್ಷಣವಲ್ಲ. ರಿಂಗ್ ಸವೆದಿದ್ದರೆ ಇಂಜಿನ್ ಮೇಲೆ ಭಾರ ಬಿದ್ದಾಗಲೇ ಹೊಗೆ ಹೆಚ್ಚಬೇಕು. ಜೊತೆಗೆ ಉರಿದ ಅನಿಲ ಕೆಳಗೆ ಇಳಿದು, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸುಬುಸು ಎಂದು ಹೊರಬರಬೇಕು. ನನ್ನ ಗಾಡಿಯಲ್ಲಿ ಮುಚ್ಚಳ ತೆಗೆದು ಅಂಗೈ ಹಿಡಿದರೆ ಹೇಳುವಂಥ ಗಾಳಿಯೇ ಇರಲಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಗಾಳಿಯ ದಾರಿಯ ಬಾಗಿಲಾದ ಥ್ರಾಟಲ್ ಮುಚ್ಚಿ, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಎಳೆತ ಜೋರಾಗುತ್ತದೆ. ಸಿಲಿಂಡರಿನ ಗಾಳಿ, ಹೊಗೆಯ ದಾರಿಗಳನ್ನು ತೆರೆದು ಮುಚ್ಚುವ ವಾಲ್ವುಗಳ ಕಡ್ಡಿಗೆ ಆಯಿಲ್ ತಡೆಯಲು ಹಾಕಿರುವ ರಬ್ಬರಿನ ವಾಲ್ವ್ ಸೀಲ್ ಹಳತಾಗಿ ಬಿರುಸಾಗಿದ್ದರೆ ಆ ಎಳೆತಕ್ಕೆ ಹೆಡ್ಡಿನ ಮೇಲಿನ ಆಯಿಲ್ ವಾಲ್ವ್ ಗೈಡಿನ ಸಂದಿನಿಂದ ಕೆಳಗೆ ಇಳಿಯುತ್ತದೆ. ರಾತ್ರಿ ನಿಂತಾಗಲೂ ಹನಿಹನಿಯಾಗಿ ಇಳಿದು ಕೂಡುತ್ತದೆ. ಇಂಜಿನ್ ತಳಭಾಗವಾದ ಕ್ರ್ಯಾಂಕ್‌ಕೇಸಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪಿಸಿವಿ ವಾಲ್ವ್ ಕಟ್ಟಿಕೊಂಡರೂ ನೀಲಿ ಹೊಗೆ ಬರುತ್ತದೆ. ಅಗ್ಗದ ಭಾಗವಾದ್ದರಿಂದ ಅದನ್ನೇ ಮೊದಲು ತೊಳೆದು ನೋಡಿದೆ. ಹೊಗೆಯಲ್ಲಿ ವ್ಯತ್ಯಾಸವಾಗಲಿಲ್ಲ.

ಪಿಕಪ್ಪಿನ ಪ್ರಶ್ನೆಗೆ ಮ್ಯಾನಿಫೋಲ್ಡಿನ ಎಳೆತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಹಚ್ಚಿದೆ. ನನ್ನ ಮಟ್ಟಿಗೆ ಪೆಟ್ರೋಲ್ ಇಂಜಿನ್ ನೋಡುವವನ ಹತ್ತಿರ ಇರಲೇಬೇಕಾದ ಮೊದಲ ಸಾಧನ ಇದು. ಆರೋಗ್ಯವಂತ ಇಂಜಿನ್ ಐಡಲಿನಲ್ಲಿ ಪಾದರಸದ 17ರಿಂದ 21 ಇಂಚು ತೋರಿಸಬೇಕೆಂದು ಪುಸ್ತಕಗಳಲ್ಲಿದೆ. ಆದರೆ ಅದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ಒಂದೂವರೆ ಇಂಚು ಕಡಿಮೆ ಬಂದರೆ ದೋಷವಲ್ಲ. ಬೀದರಿನಲ್ಲಿ ಇನ್ನೂ ಕಡಿಮೆ ಬರುತ್ತದೆ.

ನನ್ನ ಗೇಜಿನ ಮುಳ್ಳು 16ರ ಆಸುಪಾಸಿನಲ್ಲಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಒಂದೇ ಲಯದಲ್ಲಿ ಟಕ್, ಟಕ್ ಎಂದು ಕೆಳಗೆ ಜಿಗಿದು ಮೇಲೆ ಬರುತ್ತಿತ್ತು. ಲಯ ತಪ್ಪದ ಈ ಜಿಗಿತ ಒಂದು ಸಿಲಿಂಡರಿನ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂಬುದರ ಗುರುತು. ಆಮೇಲೆ 2,500 ಆರ್‌ಪಿಎಂಗೆ ಏರಿಸಿ ಹಾಗೆಯೇ ಹಿಡಿದೆ. ಮುಳ್ಳು ಮೊದಲು ಏರಿ, ಬಳಿಕ ಮೆಲ್ಲಗೆ ಇಳಿಯುತ್ತಲೇ ಹೋಯಿತು. ಹೊಗೆ ಹೊರಹೋಗುವ ದಾರಿ ಎಲ್ಲೋ ಕಟ್ಟಿಕೊಂಡಿದೆ, ಒಳಗಿನ ಅನಿಲ ಖಾಲಿಯಾಗದೆ ಹೊಸ ಗಾಳಿಗೆ ಜಾಗವಿಲ್ಲ ಎಂದು ಇದರರ್ಥ. ಒಂದು ಚಿಕ್ಕ ಗೇಜಿನಿಂದ ಎರಡು ಸುಳಿವು ಸಿಕ್ಕವು.

ಮುಂದಿನದು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಒತ್ತುತ್ತದೆ ಎಂದು ಗೇಜಿನಿಂದ ಅಳೆಯುವುದು. ಇಂಜಿನ್ ಕಾಯಿಸಿ, ಮೂರೂ ಪ್ಲಗ್ ಬಿಚ್ಚಿ, ಇಗ್ನಿಷನ್ ಕಾಯಿಲ್ ಮತ್ತು ಪೆಟ್ರೋಲ್ ಪಂಪಿನ ಸಂಪರ್ಕ ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಬೇಕು. ಥ್ರಾಟಲ್ ಮುಚ್ಚಿದ್ದರೆ ಗಾಳಿ ಒಳಗೆ ಬರದೆ ಮೂರೂ ಸಿಲಿಂಡರ್ ಸುಳ್ಳು ಹೇಳುತ್ತವೆ. ನನಗೆ ಬಂದದ್ದು 165, 115, 160 ಪಿಎಸ್‌ಐ. ನಡುವಿನ ಸಿಲಿಂಡರ್ ಬಿದ್ದಿದೆ. ಆ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆ. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಅಂಕಿ ಜಿಗಿಯಬೇಕಿತ್ತು. ಹೆಚ್ಚುಕಡಿಮೆ ಅಲ್ಲೇ ನಿಂತಿತು. ಎಂದರೆ ತೊಂದರೆ ರಿಂಗಿನದಲ್ಲ, ವಾಲ್ವಿನದು.

ಇಷ್ಟಾದ ಮೇಲೂ ಗಾಳಿ ಎಲ್ಲಿ ಸೋರುತ್ತದೆ ಎಂದು ಕಿವಿಯಿಂದ ಕೇಳಿ ಖಚಿತ ಮಾಡಿಕೊಳ್ಳುವ ಆಸೆ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಲೋಹದ ಚಿಪ್ಪಿಗೆ ಲೇತ್ ಅಂಗಡಿಯಲ್ಲಿ ಟೈರ್ ಟ್ಯೂಬಿಗೆ ಗಾಳಿ ತುಂಬುವ ವಾಲ್ವ್ ಬೆಸುಗೆ ಹಾಕಿಸಿದೆ. ಎರಡನೇ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಷನ್ ಹೊಡೆತದ ಮೇಲ್ತುದಿಗೆ ತಂದು, ಟಾಪ್ ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟೆವು. ಥ್ರಾಟಲ್ ಕಡೆ ಮೌನ. ಆಯಿಲ್ ಮುಚ್ಚಳದಲ್ಲಿ ತೀರಾ ಸಣ್ಣ ಸದ್ದು, ಅದು ಯಾವ ಇಂಜಿನ್‌ನಲ್ಲೂ ಇರುವಂಥದ್ದೇ. ಸೈಲೆನ್ಸರಿನ ತುದಿಗೆ ಕಿವಿಯಿಟ್ಟರೆ ಸುಯ್ ಎಂದು ಸ್ಪಷ್ಟ ಸೋರಿಕೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸುಟ್ಟಿದೆ. ಪಂಕ್ಚರ್ ಅಂಗಡಿಯ ಹುಡುಗನಿಗೂ ಅದನ್ನು ಕೇಳಿಸಿದೆ.

ಹೆಡ್ ಇಳಿಸಲು ಪರಿಚಯದ ಮೇಸ್ತ್ರಿಯನ್ನು ಕರೆದೆ. ಅವರು ವಯಸ್ಸಿನಲ್ಲೂ ಕೈಕೆಲಸದಲ್ಲೂ ನನಗಿಂತ ಹಿರಿಯರು. ‘ಸರ್, ಹೇಗೂ ಬಿಚ್ಚುತ್ತೇವೆ, ಪಿಸ್ಟನ್ನನ್ನೂ ಹೊರಗೆ ತೆಗೆದುಬಿಡೋಣ’ ಎಂದರು. ‘ಬೇಡ ಅಣ್ಣ, ಬೋರ್ ನೋಡಿದ ಮೇಲೆ ನೀವೇ ಹೇಳಿ’ ಎಂದೆ. ಹೆಡ್ ಎತ್ತಿ, ಬೋರನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಹಾಕಿದೆವು. ಕಾರ್ಖಾನೆಯಲ್ಲಿ ಹೋನಿಂಗ್ ಮಾಡಿದ, ಅಂದರೆ ಉಜ್ಜುಗಲ್ಲಿನಿಂದ ಎಳೆದ ಅಡ್ಡಗೀರುಗಳು ಇನ್ನೂ ಕಾಣುತ್ತಿದ್ದವು. ಮೇಸ್ತ್ರಿ ಉಗುರಿನಿಂದ ಮೇಲಿನ ಅಂಚನ್ನು ಸವರಿದರು. ಬೋರ್ ಸವೆದಿದ್ದರೆ ಅಲ್ಲಿ ಸಿಗಬೇಕಾದ ಮೆಟ್ಟಿಲು ಉಗುರಿಗೆ ತಾಗಲಿಲ್ಲ. ‘ಮುಟ್ಟುವುದು ಬೇಡ’ ಎಂದು ಅವರೇ ಹೇಳಿದರು.

ಎರಡನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಭಾಗ ಸುಟ್ಟು ಕಚ್ಚಾಗಿತ್ತು. ವರ್ಷಗಳ ಓಟದಲ್ಲಿ ವಾಲ್ವ್ ಮತ್ತು ಅದು ಕೂರುವ ಸೀಟು ಸವೆದಂತೆ ವಾಲ್ವ್ ಮೇಲಕ್ಕೆ ಸರಿದು, ಅದಕ್ಕೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಟ್ಯಾಪೆಟ್ ಸಂದು ಮುಚ್ಚುತ್ತ ಬರುತ್ತದೆ. ಸಂದು ಇಲ್ಲದ ವಾಲ್ವ್ ಪೂರ್ತಿ ಕೂರುವುದಿಲ್ಲ. ಕೂರದಿದ್ದರೆ ಅದರ ಶಾಖ ಸೀಟಿಗೆ ಇಳಿಯುವುದಿಲ್ಲ, ಅಂಚು ಸುಡುತ್ತದೆ. ಟ್ಯಾಪೆಟ್ ಸದ್ದು ಮಾಡಿದರೆ ಎಲ್ಲರೂ ಹೊಂದಿಸುತ್ತಾರೆ. ಸದ್ದಿಲ್ಲದೆ ಬಿಗಿಯಾದ ಟ್ಯಾಪೆಟ್ ಅದಕ್ಕಿಂತ ಕೆಟ್ಟದ್ದು, ಅದನ್ನು ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಇಲ್ಲದೆ ಕಂಡುಹಿಡಿಯಲಾಗದು. ಇನ್ನು ಹಳೆಯ ವಾಲ್ವ್ ಸೀಲುಗಳು: ಹೊಸ ಸೀಲು ಬೆರಳಿಗೆ ಮೆತ್ತಗೆ ಬಗ್ಗುತ್ತದೆ, ಇವು ಒತ್ತಿದ ಕೂಡಲೇ ಚಟ್ ಎಂದು ಒಡೆದವು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ, ಇಷ್ಟು ವರ್ಷ ಕಾದ ಆಯಿಲಿನಲ್ಲಿ ನೆನೆದ ರಬ್ಬರಿಗೆ ಅದು ಸಹಜ ವಯಸ್ಸು.

ಮಷಿನ್ ಶಾಪಿನಲ್ಲಿ ಸೀಟು ಕತ್ತರಿಸಿ, ಆ ಒಂದು ವಾಲ್ವ್ ಹೊಸದು ಹಾಕಿ, ಉಳಿದವನ್ನು ಗ್ರೈಂಡಿಂಗ್ ಪೇಸ್ಟಿನಿಂದ ಉಜ್ಜಿ ಕೂರಿಸಿದೆವು. ಹೆಡ್ಡನ್ನು ತಲೆಕೆಳಗಾಗಿಟ್ಟು ಪ್ರತಿ ಕೋಣೆಗೂ ಪೆಟ್ರೋಲ್ ತುಂಬಿ ಕಾದೆವು. ಪೋರ್ಟಿನೊಳಗೆ ಪಸೆ ಕಾಣಲಿಲ್ಲ. ಗೈಡುಗಳಲ್ಲಿ ವಾಲ್ವ್ ಅಲ್ಲಾಡುತ್ತಿರಲಿಲ್ಲ. ಅಲ್ಲಾಡಿದ್ದರೆ ಹೊಸ ಸೀಲು ಹಾಕಿಯೂ ಪ್ರಯೋಜನವಿರುತ್ತಿರಲಿಲ್ಲ. ಹೊಸ ಹೆಡ್ ಗ್ಯಾಸ್ಕೆಟ್ ಜೊತೆಗೆ ಟೈಮಿಂಗ್ ಬೆಲ್ಟನ್ನೂ ಬದಲಿಸಿದೆವು.

ಗಾಡಿ ಸ್ಟಾರ್ಟ್ ಮಾಡಿದಾಗ ಹೊಗೆ ಮೊದಲಿಗಿಂತ ಹೆಚ್ಚು ಬಂತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಧೈರ್ಯಗೆಟ್ಟು ಮತ್ತೆ ಇಂಜಿನ್ ಬಿಚ್ಚಿಸಿದವರನ್ನು ನಾನು ಬಲ್ಲೆ. ಸೈಲೆನ್ಸರಿನೊಳಗೆ ಕೂತ ಹಳೆಯ ಆಯಿಲ್ ಉರಿದು ಮುಗಿಯುವವರೆಗೆ ಹೊಗೆ ಬಂದೇ ಬರುತ್ತದೆ. ಜೇವರ್ಗಿಯವರೆಗೆ ಹೋಗಿಬರುವಷ್ಟರಲ್ಲಿ ನಿಂತಿತು.

ಮುಳ್ಳಿನ ಜಿಗಿತವೂ ನಿಂತಿತ್ತು. ಆದರೆ ಏರಿನಲ್ಲಿ ಎಳೆತ ಪೂರ್ತಿ ಬಂದಿರಲಿಲ್ಲ, 2,500ರಲ್ಲಿ ಮುಳ್ಳು ಈಗಲೂ ಇಳಿಯುತ್ತಿತ್ತು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚಿನ ಆಕ್ಸಿಜನ್ ಸೆನ್ಸರನ್ನು 22ರ ಪಾನಾದಿಂದ ಬಿಚ್ಚಿ, ಆ ತೂತಿಗೆ ಒತ್ತಡದ ಗೇಜ್ ಹಚ್ಚಿದೆ. 2,500 ಆರ್‌ಪಿಎಂನಲ್ಲಿ ಮೂರು ಪಿಎಸ್‌ಐ ದಾಟಬಾರದು ಎಂಬುದು ರೂಢಿಯ ಲೆಕ್ಕ. ಐದರ ಮೇಲೆ ಹೋಯಿತು, ಎಂದರೆ ಕಟ್ಟಿಕೊಂಡಿರುವುದು ಕನ್ವರ್ಟರೇ. ಕಾರಣ ಹುಡುಕಬೇಕಾಗಿಯೇ ಇರಲಿಲ್ಲ. ಆಯಿಲಿನಲ್ಲಿರುವ ರಂಜಕ ಕನ್ವರ್ಟರಿನ ಜೇನುಗೂಡಿನಂಥ ಪದರಗಳ ಮೇಲೆ ಕೂತು ಅದನ್ನು ನಿಷ್ಕ್ರಿಯ ಮಾಡುತ್ತದೆ. ಸರಿಯಾಗಿ ಉರಿಯದ ಸಿಲಿಂಡರಿನಿಂದ ಬಂದ ಪೆಟ್ರೋಲ್ ಅದರೊಳಗೇ ಉರಿದು ಪದರಗಳನ್ನು ಕರಗಿಸುತ್ತದೆ. ಆದ್ದರಿಂದಲೇ ಕನ್ವರ್ಟರ್ ಕೆಲಸ ಕೊನೆಗೆ ಇರಬೇಕು. ವಾಲ್ವ್ ಸರಿಪಡಿಸದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಒಳಗಿನ ಜೇನುಗೂಡನ್ನು ಕಂಬಿಯಿಂದ ಒಡೆದು ಖಾಲಿ ಡಬ್ಬಿ ಜೋಡಿಸುವ ಸಲಹೆ ನನಗೂ ಬಂತು. ಖರ್ಚಿಲ್ಲದೆ ಎಳೆತ ಬರುತ್ತದೆ, ನಿಜ. ಆದರೆ ಆ ವಿಷವನ್ನು ಹಿಂದೆ ಬರುವ ಬೈಕಿನವರು, ಶಾಲೆಗೆ ನಡೆದುಹೋಗುವ ಮಕ್ಕಳು ಕುಡಿಯಬೇಕು. ನಾನು ಒಪ್ಪಲಿಲ್ಲ, ಹೊಸದನ್ನೇ ಹಾಕಿಸಿದೆ. ಹಳ್ಳಿಗೆ ಹೋಗುವವರಿಗೆ ಇನ್ನೊಂದು ಮಾತು: ಕಾದ ಕನ್ವರ್ಟರ್ ಬೆಂಕಿ ಹೊತ್ತಿಸಬಲ್ಲದು, ತೊಗರಿ ಕಟಾವಾದ ಹೊಲದಲ್ಲಿ ಒಣಗಿದ ಕೂಳೆ, ಹೊಟ್ಟಿನ ಮೇಲೆ ಗಾಡಿ ನಿಲ್ಲಿಸಬೇಡಿ.

ಈಗ ಕಮಲಾಪುರದ ಏರನ್ನು ಮೂರನೇ ಗೇರಿನಲ್ಲೇ ಹತ್ತುತ್ತಿದೆ. ಕಂಪ್ರೆಷನ್ 165, 160, 160 ಬಂದಿದೆ. ಆಯಿಲ್ ಒಂದು ಬದಲಾವಣೆಯಿಂದ ಇನ್ನೊಂದರವರೆಗೆ ಕಡ್ಡಿಯಲ್ಲಿ ತುಸುವಷ್ಟೇ ಇಳಿಯುತ್ತದೆ. ಹೊಸ ವಾಲ್ವ್ ಸೀಟಿಗೆ ಹೊಂದಿಕೊಳ್ಳುವಾಗ ಸಂದು ಸ್ವಲ್ಪ ಬದಲಾಗುತ್ತದೆ ಎಂದು ಮೇಸ್ತ್ರಿ ಹೇಳಿದ್ದಾರೆ. ಅದಕ್ಕಾಗಿ ಈ ಬೇಸಿಗೆ ಮುಗಿಯುವ ಮೊದಲು ಇನ್ನೊಮ್ಮೆ ತಂಪು ಇಂಜಿನ್‌ನಲ್ಲಿ ಟ್ಯಾಪೆಟ್ ಅಳೆಯುವುದಿದೆ.