ಫ್ಯಾನು ಬದಲಿಸಿದಾಗ ಹೋಗದ ಹಬೆ, ಪೈಪು ಬದಲಿಸಿದಾಗ ಹೋಯಿತು

ಕಿಟಕಿಯಿಲ್ಲದ ನಮ್ಮ ಬಚ್ಚಲುಮನೆಯಲ್ಲಿ ಸ್ನಾನ ಮುಗಿದು ಅರ್ಧ ಗಂಟೆ ಕಳೆದರೂ ಕನ್ನಡಿ ತಿಳಿಯಾಗುತ್ತಿರಲಿಲ್ಲ; ಚಾವಣಿಯ ಮೂಲೆಯ ಬೂಷ್ಟು ಎಷ್ಟು ಉಜ್ಜಿದರೂ ಮರಳುತ್ತಿತ್ತು. ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಎಂದು ನೋಡಿದವರೆಲ್ಲ ಹೇಳಿದರು. ಗಂಟೆಗೆ ಸುಮಾರು 100 ಘನಮೀಟರ್ ಎಂದು ಬರೆದಿದ್ದ ಹಳೆಯದನ್ನು ತೆಗೆಸಿ, ಅದರ ಎರಡರಷ್ಟು ಸಾಮರ್ಥ್ಯದ್ದನ್ನು ಕೂರಿಸಿದಾಗ ಸದ್ದು ಹೆಚ್ಚಿತೇ ಹೊರತು ಹಬೆ ಕದಲಲಿಲ್ಲ. ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಹಣ ನುಂಗಿದ್ದೂ ಅದೇ.

ಪೆಟ್ಟಿಗೆಯ ಮೇಲಿನ ಅಂಕಿ ಪೈಪಿಲ್ಲದೆ ಬಯಲಿನಲ್ಲಿ ತಿರುಗುವ ಫ್ಯಾನಿನದು. ನಿಜವಾಗಿ ಎಷ್ಟು ಗಾಳಿ ಹೊರಬೀಳುತ್ತಿದೆಯೆಂದು ತಿಳಿಯಲು, ಹೊರಗೋಡೆಯ ಪೈಪಿನ ಬಾಯಿಗೆ 60 ಲೀಟರಿನ ಕಸದ ಚೀಲವನ್ನು ಬಿಗಿಯಾಗಿ ಹಿಡಿದು, ಅದು ತುಂಬುವ ಹೊತ್ತನ್ನು ಎಣಿಸಿದೆ. ಹನ್ನೊಂದು ಸೆಕೆಂಡಿನ ಆಸುಪಾಸು, ಅಂದರೆ ಗಂಟೆಗೆ 20 ಘನಮೀಟರ್ ಮಾತ್ರ.

ಫಾಲ್ಸ್ ಸೀಲಿಂಗ್ ಬಿಚ್ಚಿಸಿದಾಗ ಕಾರಣ ಕಣ್ಣೆದುರೇ ಇತ್ತು. 100 ಮಿ.ಮೀ. ಅಳತೆಯ ಮಡಿಕೆ ಪೈಪು ನಾಲ್ಕು ಮೀಟರಿನಷ್ಟು ಉದ್ದಕ್ಕೆ ಮೂರು ಕಡೆ ತಿರುಗಿ, ನಡುವೆ ಜೋತುಬಿದ್ದು, ಆ ತಗ್ಗಿನಲ್ಲಿ ನೀರು ನಿಂತಿತ್ತು. ಅದನ್ನು ಕಿತ್ತು, ಒಳಮೈ ನಯವಾಗಿರುವ 125 ಮಿ.ಮೀ. ಪಿವಿಸಿ ಪೈಪನ್ನು ಹೊರಗಡೆಗೆ ಇಳಿಜಾರಾಗಿ ಹಾಕಿಸಿ, ತಿರುವು ಅನಿವಾರ್ಯವಾದ ಒಂದು ಕಡೆ 90 ಡಿಗ್ರಿಯ ಎಲ್ಬೋ ಬದಲು 45ರ ಎರಡನ್ನು ಜೋಡಿಸಿದೆ. ಅಷ್ಟೇ ಗಾಳಿ ಹರಿಯುವಾಗ ಈ ಅಗಲದ ಪೈಪಿನ ತಡೆ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಹೊರಬಾಯಿಯ ಸ್ಪ್ರಿಂಗ್ ಮುಚ್ಚಳದ ಜಾಗಕ್ಕೆ ಹಗುರವಾದದ್ದು ಬಂತು. ಪೈಪಿನ ಗುನುಗು ಅಡಗಿಸಲು ಮಾಡಿಕೊಂಡ ಏರ್ಪಾಡೊಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆದರೂ ಬಾಗಿಲು ಮುಚ್ಚಿದಾಗ ಫ್ಯಾನಿನ ಜಾಲರಿಗೆ ಹಿಡಿದ ಟಿಶ್ಯೂ ಕಾಗದ ಕಳಚಿ ಬೀಳುತ್ತಿತ್ತು, ಬಾಗಿಲನ್ನು ಬೆರಳಿನಷ್ಟು ತೆರೆದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತಿತ್ತು. ಒಳಗೆ ಬರಲು ದಾರಿಯಿಲ್ಲದ ಗಾಳಿ ಹೊರಗೆ ಹೋಗುವುದಾದರೂ ಹೇಗೆ? ಮೊದಲು ಬಾಗಿಲಿನ ಮೇಲ್ಭಾಗದಲ್ಲಿ ಜಾಲರಿ ಕೂರಿಸಿ ನೋಡಿದೆ. ಗಾಳಿ ಅಲ್ಲಿಂದ ನೇರವಾಗಿ ಫ್ಯಾನಿಗೆ ಹೋಗಿ, ಷವರ್ ಮೂಲೆಯ ಹಬೆ ಅಲ್ಲೇ ಉಳಿಯಿತು. ಅದನ್ನು ಮುಚ್ಚಿಸಿ, ಬಡಗಿ ಬೇಡವೆಂದರೂ ಕೇಳದೆ ಬಾಗಿಲಿನ ಬುಡವನ್ನು 12 ಮಿ.ಮೀ. ಕತ್ತರಿಸಿದೆ. 75 ಸೆಂ.ಮೀ. ಅಗಲದ ಬಾಗಿಲಿಗೆ ಇದು 90 ಚದರ ಸೆಂ.ಮೀ. ಸಂದು; ಫ್ಯಾನಿನ 100 ಮಿ.ಮೀ. ಬಾಯಿಯ ವಿಸ್ತೀರ್ಣ 78ರಷ್ಟು, ಆದ್ದರಿಂದ ಸಾಕಾಯಿತು.

ಆಮೇಲೆ ಹಟಕ್ಕೆ ಬಿದ್ದು, ತೆಗೆದಿಟ್ಟಿದ್ದ ಹಳೆಯ ಫ್ಯಾನನ್ನೇ ಮತ್ತೆ ಕೂರಿಸಿದೆ. ಅದೇ ಚೀಲ ಮೂರೂವರೆ ಸೆಕೆಂಡಿನಲ್ಲಿ ತುಂಬಿತು, ಅಂದರೆ ಗಂಟೆಗೆ 60 ಘನಮೀಟರಿಗೂ ತುಸು ಹೆಚ್ಚು. ದೊಡ್ಡ ಫ್ಯಾನಿಗೆ ಸುರಿದ ಹಣದ ಅರ್ಧದಷ್ಟರಲ್ಲಿ ಪೈಪು, ಜೋಡಣೆ, ಬಾಗಿಲು ಎಲ್ಲವೂ ಮುಗಿದವು. ದೀಪ ಆರಿದ ಮೇಲೂ ಇಪ್ಪತ್ತು ನಿಮಿಷ ಫ್ಯಾನು ಓಡುವಂತೆ ಟೈಮರ್ ಹಾಕಿಸಿದ್ದೇನೆ. ತೇವಾಂಶ ಅಳೆದು ತಾನೇ ಚಾಲೂ ಆಗುವ ಸ್ವಿಚ್ಚನ್ನೂ ಪ್ರಯತ್ನಿಸಿದ್ದೆ, ಮಳೆಗಾಲದಲ್ಲಿ ಅದು ನಿಲ್ಲುವುದನ್ನೇ ಮರೆಯುತ್ತಿತ್ತು. ಒಳಗೇ ಗ್ಯಾಸ್ ಗೀಸರ್ ಇರುವವರು ಮಾತ್ರ ಇದನ್ನು ಅನುಸರಿಸಬಾರದು, ಫ್ಯಾನಿನ ಸೆಳೆತಕ್ಕೆ ವಿಷಾನಿಲ ಕೋಣೆಯೊಳಕ್ಕೇ ತಿರುಗಬಹುದು.